ಕಕ್ಕಡದ ಮಳೆಯಲ್ಲಿ ಮನೆ ನೋಡಿ: ಮಡಿಕೇರಿಯಲ್ಲಿ ಮನೆ ಕೊಳ್ಳುವವರ ಪ್ರಶ್ನೆಗಳು

ಪ್ರಶ್ನೆ: ನಿವೃತ್ತಿಯ ನಂತರ ಮಡಿಕೇರಿಯಲ್ಲಿ ನೆಲೆಸಬೇಕೆಂಬುದು ನಮ್ಮಿಬ್ಬರ ಬಹುಕಾಲದ ಆಸೆ. ಕಳೆದ ಫೆಬ್ರವರಿಯಲ್ಲಿ ಪಟ್ಟಣದ ಅಂಚಿನಲ್ಲಿ 18 ಸೆಂಟ್ ಜಾಗದಲ್ಲಿರುವ, ಹನ್ನೆರಡು ವರ್ಷ ಹಳೆಯ ಮನೆಯೊಂದನ್ನು ನೋಡಿಬಂದೆವು. ಮನೆಯ ಮುಂದೆ ಕಣಿವೆ, ಹಿಂದೆ ಸುಮಾರು 15 ಅಡಿ ಎತ್ತರದ ಬರೆ, ಅಂದರೆ ಗುಡ್ಡವನ್ನು ನೆಟ್ಟಗೆ ಕಡಿದ ಮಣ್ಣಿನ ಗೋಡೆ ಇದೆ. ‘2018ರ ಭಾರಿ ಮಳೆಯಲ್ಲೇ ಏನೂ ಆಗಲಿಲ್ಲ, ಇನ್ನೇನಾಗುತ್ತದೆ?’ ಎನ್ನುತ್ತಾರೆ ಮಾಲೀಕರು. ಮುಂಗಡ ಕೊಡಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಈಗ ಕೊಡಬೇಡಿ. ಫೆಬ್ರವರಿಯ ಮಡಿಕೇರಿ ಯಾರಿಗಾದರೂ ಚೆನ್ನಾಗಿಯೇ ಕಾಣುತ್ತದೆ. ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿರುವ ಈ ಊರಿನಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಆದ್ದರಿಂದ ಕೊಡಗಿನವರು ಕಕ್ಕಡವೆಂದು ಕರೆಯುವ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳಲ್ಲಿ, ನಾಲ್ಕೈದು ದಿನ ಬಿಡದೆ ಮಳೆ ಹಿಡಿದಿರುವಾಗ ಮತ್ತೊಮ್ಮೆ ಹೋಗಿ, ಕೊಡೆ ಹಿಡಿದು ಮನೆಯ ಹಿಂಬದಿಯಲ್ಲಿ ಅರ್ಧ ಗಂಟೆ ನಿಲ್ಲಿರಿ. ಮುಂದಿನ ಕಣಿವೆಯನ್ನು ಆಮೇಲೆ ನೋಡಿದರಾಯಿತು.

ನೀವು ಅಲ್ಲಿ ನೋಡಬೇಕಾದದ್ದು ನೀರಿನ ದಾರಿಯನ್ನು. ಬರೆಯ ನೆತ್ತಿಯ ಮೇಲೆ ನೀರನ್ನು ಅಡ್ಡಗಟ್ಟಿ ಪಕ್ಕದ ತೋಡಿಗೆ ಒಯ್ಯುವ ಚರಂಡಿ ಇದೆಯೇ, ಅಥವಾ ಗುಡ್ಡದ ನೀರೆಲ್ಲ ಬರೆಯ ಮೈಮೇಲೆಯೇ ಇಳಿಯುತ್ತಿದೆಯೇ? ಬರೆಗೆ ತಡೆಗೋಡೆ ಕಟ್ಟಿದ್ದರೆ ಅದರಲ್ಲಿ ನೀರು ಹೊರಬೀಳುವ ತೂತುಗಳಿವೆಯೇ? ಜಡಿಮಳೆಯಲ್ಲಿ ಆ ತೂತುಗಳಿಂದ ತಿಳಿನೀರು ತೊಟ್ಟಿಕ್ಕುತ್ತಿದ್ದರೆ ಗೋಡೆ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಕೆಸರುನೀರು ಬರುತ್ತಿದ್ದರೆ ಗೋಡೆಯ ಹಿಂದಿನ ಮಣ್ಣು ಕೊಚ್ಚಿಹೋಗುತ್ತಿದೆ. ತೂತುಗಳು ಒಣಗಿದ್ದು ಗೋಡೆಯ ನಡುಭಾಗ ಹೊಟ್ಟೆ ಬಿಟ್ಟಂತೆ ಉಬ್ಬಿದ್ದರೆ, ಹಿಂದೆ ನೀರು ಕಟ್ಟಿಕೊಂಡು ಗೋಡೆಯನ್ನು ತಳ್ಳುತ್ತಿದೆ ಎಂದು ತಿಳಿದು, ಆ ಮನೆಯ ಮಾತನ್ನು ಅಲ್ಲಿಗೇ ಬಿಡಿ.

ಮಾಲೀಕರ ಮಾತಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಈ ವಾದವನ್ನು ನಾನು ಅನೇಕರಿಂದ ಕೇಳಿದ್ದೇನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಮುಂತಾದ ಕಡೆ ಗುಡ್ಡಗಳು ಜಾರಿದವು. ಮಡಿಕೇರಿ ಪಟ್ಟಣದ ಒಳಗಿನ ಬಡಾವಣೆಗಳಲ್ಲೂ ಮನೆಗಳು ಕುಸಿದವು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿಯಿತು. ಆ ಎರಡು ಜಾಗಗಳೂ 2018ರ ಮಳೆಯನ್ನು ದಾಟಿಕೊಂಡು ಬಂದವೇ ಅಲ್ಲವೇ? ಇಲ್ಲಿನ ಬಂಡೆಯ ಮೇಲೆ ಬಹಳ ಆಳದವರೆಗೆ ಶಿಥಿಲವಾದ ಮಣ್ಣಿದೆ. ನೀರು ಕುಡಿದಾಗ ಅದರ ಭಾರ ಹೆಚ್ಚುತ್ತದೆ, ಒಂದಕ್ಕೊಂದು ಹಿಡಿದುಕೊಳ್ಳುವ ಶಕ್ತಿ ಕುಗ್ಗುತ್ತದೆ. ಇಳಿಜಾರಿನ ಬುಡವನ್ನು ನೆಟ್ಟಗೆ ಕತ್ತರಿಸಿ ಮನೆಗೋ ರಸ್ತೆಗೋ ಸಮತಟ್ಟು ಮಾಡಿಕೊಂಡಾಗ ಮೇಲಿನ ಮಣ್ಣಿಗೆ ಇದ್ದ ಆಸರೆಯೇ ಹೋಗುತ್ತದೆ. ಹೀಗೆ ಆಧಾರವಿಲ್ಲದೆ ಕಡಿದ ಇಳಿಜಾರುಗಳು ಕುಸಿತಕ್ಕೆ ಕಾರಣವಾದುದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಗುರುತಿಸಿದೆ. ಇದಲ್ಲದೆ 2018ರ ನಂತರ ನಿಮ್ಮ ಮನೆಯ ಮೇಲ್ಭಾಗದಲ್ಲಿ ಯಾರಾದರೂ ಹೊಸ ರಸ್ತೆ ಕಡಿದಿದ್ದರೆ, ಕೆರೆ ತೋಡಿದ್ದರೆ, ರೆಸಾರ್ಟ್ ಕಟ್ಟಿದ್ದರೆ ನೀರಿನ ದಾರಿಯೇ ಬದಲಾಗಿರುತ್ತದೆ. ಆಗ ಹಳೆಯ ಮಳೆ ಕೊಟ್ಟ ಸಾಕ್ಷಿಗೆ ಬೆಲೆಯಿಲ್ಲ.

ಹಾಗಾಗಿ ಗಡಿಕಲ್ಲಿನಲ್ಲೇ ನಿಂತುಬಿಡದೆ, ನೆರೆಯವರ ಅನುಮತಿ ಪಡೆದು ಗುಡ್ಡವನ್ನು ಸ್ವಲ್ಪ ದೂರ ಹತ್ತಿ ನೋಡಿ. ನೆಲದಲ್ಲಿ ಅರ್ಧಚಂದ್ರಾಕಾರದ ಬಿರುಕು, ಒಂದೇ ಕಡೆಗೆ ವಾಲಿದ ಸಿಲ್ವರ್ ಓಕ್ ಮರಗಳು, ಮೊದಲಿಲ್ಲದ ಜಾಗದಲ್ಲಿ ಎದ್ದ ಒರತೆ – ಈ ಮೂರರಲ್ಲಿ ಒಂದು ಕಂಡರೂ ಭೂತಂತ್ರಜ್ಞಾನ ಬಲ್ಲ ಎಂಜಿನಿಯರರನ್ನು ಕರೆಸದೆ ಮುಂದುವರಿಯಬೇಡಿ. ಬರೆಗೂ ಮನೆಯ ಗೋಡೆಗೂ ನಡುವೆ ಬರೆಯ ಎತ್ತರದಷ್ಟಾದರೂ ಅಂತರವಿರಬೇಕೆಂಬುದು ನಾನು ಅನುಸರಿಸುವ ಲೆಕ್ಕ; ನಿಮ್ಮ ಮನೆಗೆ ಅದು 15 ಅಡಿ. ಇನ್ನೊಂದು ಮಾತು ಬೆಂಗಳೂರಿನವರಿಗೆ ವಿಚಿತ್ರವೆನಿಸಬಹುದು: ಬಯಲುಸೀಮೆಯಲ್ಲಿ ಪುಣ್ಯದ ಕೆಲಸವಾದ ಇಂಗುಗುಂಡಿ, ಕಡಿದ ಇಳಿಜಾರಿನ ನೆತ್ತಿಯಲ್ಲಿ ಅಪಾಯದ ಕೆಲಸ. ಅಲ್ಲಿ ನೀರನ್ನು ಇಂಗಿಸಬಾರದು, ಸಾಗಿಸಬೇಕು. ಶೌಚಗುಂಡಿಯ ನೀರು ಇಂಗುವ ಜಾಗವೂ ಇಳಿಜಾರಿನ ಅಂಚಿನಿಂದ ದೂರವಿರಬೇಕು.

ಇಷ್ಟೆಲ್ಲ ಸರಿಯೆನಿಸಿ ಕೊಂಡಿರಾದರೆ ವಿಮೆ ಮಾಡಿಸಿ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಭೂಕುಸಿತವೂ ಸೇರಿದೆ. ಆದರೆ ಕಟ್ಟಡದ ಸಹಜ ಬಿರುಕುಗಳಿಗೆ ಅಥವಾ ದೋಷಪೂರ್ಣ ವಿನ್ಯಾಸದಿಂದಾದ ಕುಸಿತಕ್ಕೆ ಅದು ಪರಿಹಾರ ಕೊಡುವುದಿಲ್ಲ.

ಪ್ರಶ್ನೆ: ಮಡಿಕೇರಿ ಸಮೀಪದ ಕಾಫಿ ತೋಟವೊಂದರಲ್ಲಿ 10 ಸೆಂಟ್ ಜಾಗ ಮಾರಾಟಕ್ಕಿದೆ. ‘ಜಮ್ಮಾ ಜಾಗ, ಪಹಣಿಯಲ್ಲಿ ನಮ್ಮ ಅಜ್ಜನ ಹೆಸರಿದೆ, ಈಗ ಕೃಷಿಕರಲ್ಲದವರೂ ಕೊಳ್ಳಬಹುದು’ ಎನ್ನುತ್ತಾರೆ. ಅಲ್ಲಿ ಮನೆ ಕಟ್ಟಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಅವರು ಹೇಳಿದ್ದರಲ್ಲಿ ಸುಳ್ಳಿಲ್ಲದಿರಬಹುದು, ಆದರೆ ನಿಮಗೆ ಬೇಕಾದ ಉತ್ತರವೂ ಅದರಲ್ಲಿಲ್ಲ. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು 2020ರಲ್ಲಿ ರದ್ದಾದದ್ದರಿಂದ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ಅಡ್ಡಿ ಹೋಗಿದೆ. ಕೊಂಡ ಭೂಮಿಯಲ್ಲಿ ಮನೆ ಕಟ್ಟಲು ಮಾತ್ರ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ, ಅಂದರೆ ಕೃಷಿಯೇತರ ಬಳಕೆಗೆ ಅನುಮತಿ, ಆಗಿರಬೇಕು. ಅದಿಲ್ಲದಿದ್ದರೆ ನಕ್ಷೆಗೆ ಅನುಮೋದನೆಯೂ ಬ್ಯಾಂಕಿನ ಗೃಹಸಾಲವೂ ಸಿಗುವುದು ಕಷ್ಟ.

ಜಮ್ಮಾ ಎಂದರೆ ಕೊಡಗಿನಲ್ಲಿ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿ. ದಾಖಲೆಯಲ್ಲಿ ಎಂದೋ ತೀರಿಕೊಂಡ ಪಟ್ಟೇದಾರರ, ಅಂದರೆ ಮನೆತನದ ಮುಖ್ಯಸ್ಥರ, ಹೆಸರೇ ಉಳಿದಿರುವುದು ಅಲ್ಲಿ ಸಾಮಾನ್ಯ. ಅಜ್ಜನ ಹೆಸರಿನ ಹಿಂದೆ ಹಕ್ಕುಳ್ಳ ಹತ್ತಾರು ಮಂದಿ ಇರಬಹುದು, ಅವರಲ್ಲಿ ಕೆಲವರು ಹೊರದೇಶದಲ್ಲಿರಬಹುದು. ಎಲ್ಲರ ಒಪ್ಪಿಗೆ ಲಿಖಿತವಾಗಿ ಬೇಕು. ಬಾಣೆ, ಅಂದರೆ ಗದ್ದೆಗೆ ಹೊಂದಿಕೊಂಡ ಗುಡ್ಡದ ಜಾಗವಾಗಿದ್ದರೆ, ರಿಡೀಮ್ ಆಗಿದೆಯೇ, ಅಂದರೆ ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಹಕ್ಕು ಪಡೆದಿದ್ದಾರೆಯೇ ಎಂದೂ ಕೇಳಿ. ಆಗದಿದ್ದರೆ ಅಲ್ಲಿನ ಮರಗಳ ಮೇಲೆ ಸರ್ಕಾರದ ಹಕ್ಕಿರುತ್ತದೆ. ಪೈಸಾರಿ, ಅಂದರೆ ಸರ್ಕಾರಿ ಜಾಗ, ಬೇಲಿಯೊಳಗೆ ಸೇರಿಕೊಂಡಿಲ್ಲವೆಂದು ಸರ್ವೆ ಮಾಡಿಸಿ ಖಚಿತಪಡಿಸಿಕೊಳ್ಳಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದರಿಂದ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆಯೂ ಬೇಕಾಗುತ್ತದೆ. ಖರ್ಚಿನ ಲೆಕ್ಕ ಹಾಕುವಾಗ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿರುವುದು ನೆನಪಿರಲಿ.

ಪ್ರಶ್ನೆ: ನಾವು ಕೊಂಡಿರುವ ಮಡಿಕೇರಿಯ ಮನೆಯ ಪಶ್ಚಿಮಕ್ಕೆ ಕಣಿವೆಯ ನೋಟವಿದೆ. ಅಲ್ಲಿ ಮರದ ಹಲಗೆಯ ತೆರೆದ ಕಟ್ಟೆ ಮಾಡಿಸಿ ಸಂಜೆ ಹೊರಗೆ ಕೂರಬೇಕೆಂಬ ಆಸೆ. ಮಳೆಗಾಲದಲ್ಲೂ ಉಪಯೋಗವಾಗುವಂತೆ ಹೇಗೆ ಮಾಡಿಸಬೇಕು?
– ಓದುಗರೊಬ್ಬರು, ಮೈಸೂರು

ಉತ್ತರ: ನೈರುತ್ಯ ಮುಂಗಾರು ಬರುವುದು ಅದೇ ದಿಕ್ಕಿನಿಂದ. ಜೂನ್ ನಂತರ ಅಲ್ಲಿ ಮಳೆ ಮೇಲಿನಿಂದಲ್ಲ, ಎದುರಿನಿಂದ ಬೀಸುತ್ತದೆ. ತೆರೆದ ಮರದ ಕಟ್ಟೆ ಒಂದೇ ಮಳೆಗಾಲದಲ್ಲಿ ಪಾಚಿಗಟ್ಟಿ ಜಾರತೊಡಗುತ್ತದೆ. ಪಶ್ಚಿಮದಲ್ಲಿ ಒರಟು ಗ್ರಾನೈಟ್ ಹಾಸಿದ, ನೀರು ಮನೆಯಿಂದ ಆಚೆಗೆ ಹರಿಯುವಂತೆ ವಾಟ ಕೊಟ್ಟ ಸಣ್ಣ ಅಂಗಳ ಸಾಕು. ಅಕ್ಟೋಬರ್‌ನಿಂದ ಮೇವರೆಗೆ ಅದನ್ನು ಧಾರಾಳವಾಗಿ ಬಳಸಬಹುದು. ಮಳೆಗಾಲಕ್ಕೆ ಪೂರ್ವದಲ್ಲಿ ಜಗಲಿ ಮಾಡಿಸಿ. ಕೊಡಗಿನ ಹಳೆಯ ಐನ್‌ಮನೆಗಳಲ್ಲಿ, ಅಂದರೆ ಮನೆತನದ ಮೂಲಮನೆಗಳಲ್ಲಿ, ಮುಂದಿನ ಜಗಲಿಗೆ ತಗ್ಗಾದ ಹೆಂಚಿನ ಮಾಡು, ಕಂಬಗಳ ನಡುವೆ ಕೂರಲು ಅಗಲವಾದ ಹಲಗೆಯ ಐಮರ ಇರುವುದನ್ನು ಗಮನಿಸಿ. ಅಲ್ಲಿ ಹೊರಗೆ ಕೂರುವುದೆಂದರೆ ಮಾಡಿನ ಕೆಳಗೆ ಕೂತು ಮಳೆ ನೋಡುವುದು. ಜಗಲಿಗೆ ಎಂಟರಿಂದ ಹತ್ತು ಅಡಿ ಅಗಲ, ಮಾಡಿಗೆ ಮೂರಡಿ ಚಾಚು ಇರಲಿ.

ನೋಟಕ್ಕೆ ಅಡ್ಡವೆಂದು ಇಳಿಜಾರಿನ ಮರಗಳನ್ನು ಕಡಿಸಬೇಡಿ, ಮಣ್ಣನ್ನು ಹಿಡಿದಿರುವುದು ಅವುಗಳ ಬೇರೇ. ಬರಿದಾದ ಮಣ್ಣಿದ್ದರೆ ಲಾವಂಚ ನೆಡಿ. ಮನೆಯ ಸುತ್ತ ಮೂರಡಿ ಜಲ್ಲಿ ಹಾಸಿ ತರಗೆಲೆ ಗುಡಿಸುತ್ತಿದ್ದರೆ ಜಿಗಣೆಯ ಕಾಟ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಕೊನೆಯದಾಗಿ, ಯಾವ ನಕ್ಷೆಯಲ್ಲೂ ನಾನು ಕಾಣದ ಒಂದು ಜಾಗವನ್ನು ಈಗಲೇ ಬಿಡಿಸಿಕೊಳ್ಳಿ: ಬಟ್ಟೆ ಒಣಗಿಸುವ ಕೋಣೆ. ಬಚ್ಚಲಿನ ಹಂಡೆ ಒಲೆಯ ಗೋಡೆಗೆ ಅಂಟಿಕೊಂಡಂತೆ, ಮಾಡಿನ ಹತ್ತಿರ ಗಾಳಿಕಿಂಡಿ ಇಟ್ಟು, ಆರಡಿಗೆ ಎಂಟಡಿಯ ಕೋಣೆಯೊಂದನ್ನು ಮಾಡಿಸಿದರೆ ಜುಲೈ ತಿಂಗಳಲ್ಲಿ ನಿಮ್ಮ ಜಗಲಿಯ ತುಂಬ ಒದ್ದೆ ಸೀರೆ, ಪಂಚೆಗಳು ತೂಗಾಡುವುದಿಲ್ಲ.