ಆಳಸಮುದ್ರದ ಗಂಡು ಆಂಗ್ಲರ್ ಮೀನು ಹೆಣ್ಣಿನ ಮೈಗೇ ಬೆಸೆದುಕೊಳ್ಳುತ್ತದೆ ಅನ್ನೋದು ನಿಜವೇ?

ನಿಜ, ಆದರೆ ಎಲ್ಲ ಜಾತಿಗಳಲ್ಲೂ ಅಲ್ಲ. ಕೆಲವು ಆಂಗ್ಲರ್ ಮೀನುಗಳಲ್ಲಿ ಗಂಡು ಸ್ವಲ್ಪ ಕಾಲ ಕಚ್ಚಿಕೊಂಡಿದ್ದು, ಆಮೇಲೆ ಬಿಟ್ಟು ಹೋಗುತ್ತದೆ. ಕಾಲೋಫ್ರೈನ್ ಜೋರ್ಡಾನಿ ಎಂಬ ಅಪರೂಪದ ಜಾತಿಯಲ್ಲಿ ಹಾಗಲ್ಲ. ಒಮ್ಮೆ ಅಂಟಿದರೆ ಮುಗೀತು, ಜೀವನಪೂರ್ತಿ ಅಲ್ಲೇ.

ಗಂಡು ಹೆಣ್ಣಿಗಿಂತ ತುಂಬಾ ಚಿಕ್ಕದು. ಅದು ಹೆಣ್ಣಿನ ಮೈಗೆ ಹಲ್ಲೂರುತ್ತದೆ. ನಿಧಾನವಾಗಿ ಎರಡರ ಚರ್ಮವೂ ಬೆಸೆದು, ರಕ್ತನಾಳಗಳೂ ಕೂಡಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಗಂಡಿಗೆ ಊಟ ಹೆಣ್ಣಿನ ರಕ್ತದಿಂದಲೇ. ಬದಲಿಗೆ ಅದು ಕೊಡುವುದು ವೀರ್ಯ ಮಾತ್ರ. ಅಷ್ಟು ಆಳದ ಕತ್ತಲಲ್ಲಿ ಸಂಗಾತಿ ಮತ್ತೆ ಸಿಗುವುದು ಕಷ್ಟ, ಹಾಗಾಗಿ ಇದು ಒಳ್ಳೆಯ ವ್ಯವಹಾರವೇ ಅಲ್ವಾ?

ಬೇರೆ ಜೀವಿಯ ಅಂಗಾಂಶವನ್ನು ದೇಹದ ರೋಗನಿರೋಧಕ ವ್ಯವಸ್ಥೆ ಸಾಮಾನ್ಯವಾಗಿ ತಿರಸ್ಕರಿಸುತ್ತದೆ. ಮನುಷ್ಯರಲ್ಲಿ ಕಿಡ್ನಿ ಕಸಿ ಮಾಡಿದಾಗ ಇರುವ ತಲೆನೋವೂ ಅದೇ. ಇಲ್ಲಿ ಹಾಗೇಕೆ ಆಗುವುದಿಲ್ಲ? ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಈ ಭಾಗ. 2020ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಹೀಗೆ ಶಾಶ್ವತವಾಗಿ ಬೆಸೆದುಕೊಳ್ಳುವ ಆಂಗ್ಲರ್ ಜಾತಿಗಳು ರೋಗನಿರೋಧಕ ವ್ಯವಸ್ಥೆಯ ಮುಖ್ಯ ಜೀನ್‌ಗಳನ್ನೇ ಕಳೆದುಕೊಂಡಿವೆ. ಕೆಲವು ಜಾತಿಗಳು ಪ್ರತಿಕಾಯಗಳನ್ನೇ ತಯಾರಿಸಲಾರವು. ಆದರೂ ಬದುಕಿವೆ!

ಈ ಕಾಲೋಫ್ರೈನ್ ಜೋಡಿಯನ್ನು ಜೀವಂತವಾಗಿ ಮೊದಲು ಚಿತ್ರೀಕರಿಸಿದ್ದು 2016ರಲ್ಲಿ, ಪೋರ್ಚುಗಲ್‌ನ ಅಜೋರ್ಸ್ ದ್ವೀಪಗಳ ಬಳಿ, ಸುಮಾರು 800 ಮೀಟರ್ ಆಳದಲ್ಲಿ. ಹೆಣ್ಣು ಸುಮಾರು 16 ಸೆಂ.ಮೀ. ಇತ್ತು. ಅದರ ಸುತ್ತ ಉದ್ದನೆಯ ಎಳೆಗಳು ಹರಡಿದ್ದವು, ಅವು ಈಜುರೆಕ್ಕೆಯ ಕಡ್ಡಿಗಳು. ಸುತ್ತಮುತ್ತಲಿನ ಅಲುಗಾಟ ಅದಕ್ಕೆ ಗೊತ್ತಾಗುವುದು ಬಹುಶಃ ಇವುಗಳಿಂದಲೇ. ಇನ್ನೊಂದು ವಿಷಯ: ಉಳಿದ ಹಲವು ಆಂಗ್ಲರ್‌ಗಳ ತಲೆಯ ಮೇಲಿನ ಗಾಳದಂಥ ಕಡ್ಡಿಯ ತುದಿಯಲ್ಲಿ ಬೆಳಗುವ ಬ್ಯಾಕ್ಟೀರಿಯಾ ಇರುತ್ತವೆ, ಕಾಲೋಫ್ರೈನ್ ಕುಟುಂಬದ ಮೀನುಗಳಲ್ಲಿ ಇಲ್ಲ.