ಕಾಲು ತೆಗೆಸಿದ ಬೆಕ್ಕು ಮಂಚದ ಅಡಿಯಿಂದ ಹೊರಗೇ ಬರುತ್ತಿಲ್ಲ, ಏನು ಮಾಡಲಿ?

ಎರಡು ವರ್ಷದ ಗಂಡು ಬೆಕ್ಕು, ಬೈಕ್ ಹಾಯ್ದು ಹಿಂಗಾಲು ನುಜ್ಜುಗುಜ್ಜಾಯಿತು, ಮೊನ್ನೆ ಕಾಲು ತೆಗೆದರು, ನಿನ್ನೆ ಸಂಜೆ ಮನೆಗೆ ತಂದಾಗಿನಿಂದ ಮಂಚದ ಅಡಿ ಸೇರಿಕೊಂಡಿದ್ದಾನೆ, ತಟ್ಟೆ ಮುಟ್ಟಿಲ್ಲ ಎಂದು ಬರೆದಿದ್ದೀರಿ. ಕೊನೆಯಲ್ಲಿ, 'ಉಳಿಸಿ ತಪ್ಪು ಮಾಡಿದೆನೇ?' ಎಂದು ಕೇಳಿದ್ದೀರಿ. ಇಲ್ಲ, ತಪ್ಪು ಮಾಡಿಲ್ಲ. ನಮ್ಮ ಗುಂಡನಿಗೂ ಎಡ ಹಿಂಗಾಲಿಲ್ಲ. ಮೂರು ವರ್ಷವಾಯಿತು. ನಾನು ಇದನ್ನು ಬರೆಯುತ್ತಿರುವಾಗ ಅವನು ಅಡುಗೆಮನೆಯ ಕಟ್ಟೆ ಹತ್ತಿ ಹಾಲಿನ ಪಾತ್ರೆಯ ಪಕ್ಕದಲ್ಲಿ ಕುಳಿತಿದ್ದಾನೆ.

ನಾನು ಪಶುವೈದ್ಯೆಯಲ್ಲ. ಆ ಎರಡು ವಾರ ಹಗಲೂ ರಾತ್ರಿ ಅವನ ಜೊತೆ ನೆಲದ ಮೇಲೆ ಮಲಗಿದವಳು, ಅಷ್ಟೆ. ಆಗ ನನ್ನ ಕಣ್ಣೆಲ್ಲ ಇಲ್ಲದ ಕಾಲಿನ ಮೇಲೆಯೇ ಇತ್ತು. ನೋಡಬೇಕಾದದ್ದು ಹೊಟ್ಟೆಯನ್ನು ಎಂದು ವೈದ್ಯರು ಗದರಿಸಿದ ಮೇಲೆಯೇ ತಿಳಿಯಿತು. ಅದನ್ನೇ ನಿಮಗೆ ಮೊದಲು ಹೇಳುತ್ತೇನೆ.

ಬೆಕ್ಕು ಉಪವಾಸ ತಡೆದುಕೊಳ್ಳುವ ಪ್ರಾಣಿಯಲ್ಲ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿಗೆ ತುಂಬಿಕೊಳ್ಳುವ ಅಪಾಯವಿದೆ, ದಪ್ಪ ಬೆಕ್ಕುಗಳಲ್ಲಿ ಇನ್ನೂ ಹೆಚ್ಚು. ಆಪರೇಷನ್‌ಗೆ ಮುಂಚೆ ಹೊಟ್ಟೆ ಖಾಲಿ ಇಡಿಸಿದ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿ. ಬೇಯಿಸಿದ ಕೋಳಿಯನ್ನೋ ಮುಳ್ಳು ತೆಗೆದ ಬಂಗುಡೆಯನ್ನೋ ಬೆಚ್ಚಗೆ ಮಾಡಿ, ಬೆರಳಿಗೆ ಸವರಿ ಮೂಗಿನ ಬಳಿ ಹಿಡಿಯಿರಿ. ತಣ್ಣಗಿನ ಅನ್ನಕ್ಕೆ ಮೂಗು ಮುರಿಯುವವನು ಬಿಸಿ ವಾಸನೆಗೆ ನಾಲಿಗೆ ಚಾಚುತ್ತಾನೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ತುಂಡು ಬೇಡ, ಅವೆರಡೂ ಬೆಕ್ಕಿನ ರಕ್ತಕ್ಕೆ ವಿಷ. ಪಾಪ ಎಂದು ಹಾಲನ್ನೂ ಹಾಕಬೇಡಿ. ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗುವುದಿಲ್ಲ, ಹೊಲಿಗೆಯ ಪಕ್ಕದಲ್ಲೇ ಭೇದಿಯಾದರೆ ಪಾಡು ನಿಮಗೇ ಗೊತ್ತಾಗುತ್ತದೆ. ಸಿರಿಂಜಿನಲ್ಲಿ ಬಲವಂತವಾಗಿ ಗಂಟಲಿಗೆ ಸುರಿಯಬೇಡಿ, ಶ್ವಾಸನಾಳಕ್ಕೆ ಹೋಗಬಹುದು. ಇಂದು ರಾತ್ರಿಯೊಳಗೆ ಏನೂ ತಿನ್ನದಿದ್ದರೆ ನಾಳೆ ಬೆಳಗ್ಗೆಯೇ ವೈದ್ಯರಿಗೆ ಫೋನ್ ಮಾಡಿ. ಮೂತ್ರದ ಮೇಲೂ ಕಣ್ಣಿಡಿ. ಗಂಡು ಬೆಕ್ಕು ಮತ್ತೆ ಮತ್ತೆ ಮಲಮೂತ್ರದ ಟ್ರೇಗೆ ಹೋಗಿ ತಿಣುಕಿದರೂ ಹನಿ ಬರದಿದ್ದರೆ ಬೆಳಗಾಗುವವರೆಗೆ ಕಾಯಬಾರದು. ಮಲ ಎರಡು ದಿನ ತಡವಾದರೆ ಅಷ್ಟು ಹೆದರಬೇಡಿ, ಅರಿವಳಿಕೆ ಮತ್ತು ನೋವಿನ ಔಷಧಿಗಳ ನಂತರ ಹಾಗಾಗುವುದುಂಟು.

ಮಂಚದ ಅಡಿ ಸೇರುವುದು ಮುನಿಸಿನಿಂದಲ್ಲ. ಹೆಚ್ಚಿನ ಸಲ ಅದು ನೋವು. ಬೆಕ್ಕು ಅರಚುವುದಿಲ್ಲ, ಮುದುಡುತ್ತದೆ. ಕಣ್ಣು ಅರೆ ಮುಚ್ಚಿ, ಕಿವಿಗಳನ್ನು ಪಕ್ಕಕ್ಕೆ ಚಪ್ಪಟೆ ಮಾಡಿ, ತಲೆ ಭುಜಕ್ಕಿಂತ ಕೆಳಗೆ ಇಳಿಬಿಟ್ಟು ಕುಳಿತರೆ, ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟರೆ, ಔಷಧಿ ಸಾಲುತ್ತಿಲ್ಲ ಎಂದರ್ಥ. ಗುರುಗುಟ್ಟುತ್ತಿದ್ದಾನೆ, ಹಾಗಾಗಿ ಸುಖವಾಗಿದ್ದಾನೆ ಎಂದುಕೊಳ್ಳಬೇಡಿ. ನೋವಿನಲ್ಲೂ ಬೆಕ್ಕು ಗುರುಗುಟ್ಟುತ್ತದೆ. ವೈದ್ಯರಿಗೆ ಇದನ್ನೆಲ್ಲ ಹೇಳಿ, ಔಷಧಿಯ ಪ್ರಮಾಣ ಅವರೇ ಬದಲಾಯಿಸಲಿ. ಕೈಮುಗಿದು ಹೇಳುತ್ತೇನೆ, ಮನೆಯಲ್ಲಿರುವ ಮನುಷ್ಯರ ಮಾತ್ರೆ ಕಾಲು ಭಾಗವೂ ಬೇಡ. ಜ್ವರಕ್ಕೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಐಬುಪ್ರೊಫೆನ್ ಕೂಡ ಬೇಡ. ನಾಯಿಗೆಂದು ತಂದ ಮೆಲಾಕ್ಸಿಕ್ಯಾಮ್ ಎಂಬ ನೋವಿನ ಔಷಧಿಯ ಬಾಟಲಿಯನ್ನೂ ಕೇಳದೆ ತೆರೆಯಬೇಡಿ. ಏನೂ ತಿನ್ನದ ಬೆಕ್ಕಿಗೆ ಆ ಔಷಧಿ ಕೊಡುವ ಮೊದಲು ಮತ್ತೊಮ್ಮೆ ವೈದ್ಯರನ್ನೇ ಕೇಳಿ.

ಇನ್ನು ಜಾಗ. ಮಂಚದ ಅಡಿಯನ್ನು ರಟ್ಟಿನ ಪೆಟ್ಟಿಗೆಗಳಿಂದ ಮುಚ್ಚಿ, ಅಡಗಲು ಬೇರೆ ಕಡೆ ಒಂದು ಗೂಡು ಕೊಡಿ. ಒಂದು ಬದಿ ತೆರೆದ, ಹಳೆಯ ಸೀರೆ ಹಾಸಿದ ಪೆಟ್ಟಿಗೆ ಸಾಕು. ಹೊಲಿಗೆ ಬಿಚ್ಚುವವರೆಗೆ ಚಿಕ್ಕದೊಂದು ಕೋಣೆ, ಹತ್ತಲು ಏನೂ ಇರಬಾರದು. ನಮ್ಮದು ರೆಡ್ ಆಕ್ಸೈಡ್ ನೆಲ, ಕನ್ನಡಿಯಂತೆ ಜಾರುತ್ತದೆ. ಮೊದಲ ರಾತ್ರಿ ಗುಂಡ ಎದ್ದು ನಿಂತು, ಇಲ್ಲದ ಕಾಲಿಗೆ ಭಾರ ಕೊಟ್ಟು, ಎಡಕ್ಕೆ ಕುಸಿದ. ಮತ್ತೆ ಎದ್ದ, ಮತ್ತೆ ಕುಸಿದ. ಅಮ್ಮ ಏನೂ ಮಾತಾಡದೆ ಅಟ್ಟದಿಂದ ಜಮಖಾನೆ ಇಳಿಸಿ, ಪೆಟ್ಟಿಗೆಯಿಂದ ಟ್ರೇವರೆಗೆ ದಾರಿಯಂತೆ ಹಾಸಿದಳು. ಉಗುರಿಗೆ ಹಿಡಿತ ಸಿಕ್ಕಿದ್ದೇ ತಡ, ಅವನು ಆ ದಾರಿಯನ್ನು ಮೂರು ಜಿಗಿತದಲ್ಲಿ ದಾಟಿದ. ನಿಮ್ಮದು ಟೈಲ್ಸ್ ನೆಲವಾದರೆ ಯೋಗದ ಮ್ಯಾಟ್, ಗೋಣಿಚೀಲ, ಯಾವುದಾದರೂ ಆಗುತ್ತದೆ. ಟ್ರೇಯ ಒಂದು ಅಂಚನ್ನು ತಗ್ಗಾಗಿ ಕತ್ತರಿಸಿ. ಮರಳಿನ ಬದಲು ಈಗ ಹರಿದ ಪತ್ರಿಕೆ ಹಾಕಿ, ಮರಳಿನ ಕಣ ಗಾಯಕ್ಕೆ ಅಂಟುತ್ತದೆ.

ಬಿದ್ದಾಗಲೆಲ್ಲ ಓಡಿ ಎತ್ತಬೇಡಿ. ನನಗೆ ಇದೇ ಅತ್ಯಂತ ಕಷ್ಟವಾಗಿತ್ತು. ಆದರೆ ಅವನ ಮೈ ಹೊಸ ತೂಕವನ್ನು ಕಲಿಯುವುದು ಹಾಗೆಯೇ. ನಾಲ್ಕು ಕಾಲಿನ ಪ್ರಾಣಿಯ ಭಾರದಲ್ಲಿ ನೂರಕ್ಕೆ ಸುಮಾರು 60 ಭಾಗ ಮುಂಗಾಲುಗಳ ಮೇಲಿರುತ್ತದೆ, ಆದ್ದರಿಂದ ಹಿಂಗಾಲು ಹೋದ ಬೆಕ್ಕು ನಡಿಗೆಯನ್ನು ಬೇಗ ಹಿಡಿಯುತ್ತದೆ. ಗುಂಡ ನಾಲ್ಕನೆಯ ದಿನ ಬೀಳುವುದನ್ನು ನಿಲ್ಲಿಸಿದ. ಎತ್ತಲೇಬೇಕಾದಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಉಳಿದ ತೊಡೆಯ ಕೆಳಗೆ, ಗಾಯ ಹೊರಮುಖವಾಗಿರಲಿ.

ಗಾಯವನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ನಿನ್ನೆಗೂ ಇಂದಿಗೂ ಹೋಲಿಸಲು ನೆನಪಿಗಿಂತ ಫೋಟೊ ವಾಸಿ. ಸುತ್ತಲೂ ಚರ್ಮ ನೇರಳೆ ಬಣ್ಣಕ್ಕೆ ಕಂದುವುದು, ಸ್ವಲ್ಪ ಊತ ಸಹಜ. ಚರ್ಮದಡಿ ನೀರು ತುಂಬಿದ ಮೆತ್ತಗಿನ ಗುಳ್ಳೆಯೂ ಬರಬಹುದು, ಅದನ್ನು ಹಿಂಡಬೇಡಿ, ವೈದ್ಯರಿಗೆ ತೋರಿಸಿ. ಕೀವು, ದುರ್ವಾಸನೆ, ಹೊಲಿಗೆ ಬಾಯಿ ಬಿಡುವುದು, ನಿಲ್ಲದ ರಕ್ತ, ಇವುಗಳಲ್ಲಿ ಒಂದು ಕಂಡರೂ ಹೊರಡಿ. ನಿಮ್ಮ ವೈದ್ಯರು ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳಿವೆ. ಅಮ್ಮ ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ತಂದಿದ್ದಳು, ನಾನು ತಡೆದೆ. ಹೊಲಿಗೆ ಒಣಗಿರಬೇಕು, ಹಚ್ಚಿದ್ದನ್ನೆಲ್ಲ ಅವನು ನೆಕ್ಕಲು ಹೋಗುತ್ತಾನೆ. ಡೆಟಾಲ್ ನೀರಿನಲ್ಲಿ ಒರೆಸುವುದು, ಆ ಕೋಣೆಗೆ ಫಿನಾಯಿಲ್ ಹಾಕುವುದು ಎರಡನ್ನೂ ಬಿಡಿ. ಫೀನಾಲ್ ಜಾತಿಯ ದ್ರವಗಳು ಬೆಕ್ಕಿಗೆ ವಿಷ.

ಗಾಯ ನೆಕ್ಕದಂತೆ ಕೊರಳಿಗೆ ಹಾಕಿದ ಪ್ಲಾಸ್ಟಿಕ್ ಕೋನ್ ತೆಗೆಯಬೇಡಿ. ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ, ಅಲ್ಲಿಯವರೆಗೆ ಅದು ಇರಲಿ. ದಿಂಬಿನಂಥ ಮೆತ್ತನೆಯ ಕೊರಳಪಟ್ಟಿ ಹಿಂಗಾಲಿನ ಗಾಯಕ್ಕೆ ಪ್ರಯೋಜನವಿಲ್ಲ, ಬೆಕ್ಕಿನ ಬೆನ್ನು ಅಷ್ಟು ಬಾಗುತ್ತದೆ. ಊಟದ ಹೊತ್ತಿನಲ್ಲಿ ಮಾತ್ರ, ನೀವು ಎದುರಿಗೇ ಕುಳಿತು, ಬಿಚ್ಚಬಹುದು.

ತೊಡೆ ಚೆನ್ನಾಗಿಯೇ ಇತ್ತಲ್ಲ, ಅದನ್ನೂ ಏಕೆ ತೆಗೆದರು ಎಂದೂ ಕೇಳಿದ್ದೀರಿ. ಗುಂಡನಿಗೆ ಗಾಯವಾದದ್ದು ಮೊಣಕಾಲಿನ ಕೆಳಗೆ. ಲಗೇಜ್ ಆಟೋ ಹಿಂದಕ್ಕೆ ಬಂದು ಚರ್ಮ ಕಿತ್ತು ಎಲುಬು ಕಾಣುತ್ತಿತ್ತು. ಆದರೂ ತೊಡೆಯ ಮಧ್ಯದಿಂದಲೇ ಕತ್ತರಿಸಿದರು. ಮೋಟು ಉದ್ದವಾಗಿ ಉಳಿದರೆ ಬೆಕ್ಕು ಅದನ್ನು ನೆಲಕ್ಕೆ ಊರಲು ಹೋಗಿ ಮತ್ತೆ ಮತ್ತೆ ಗಾಯ ಮಾಡಿಕೊಳ್ಳುತ್ತದಂತೆ.

ಮುಂದೆ ಮೈ ಬೆಳೆಯಲು ಬಿಡಬೇಡಿ, ಉಳಿದ ಒಂದು ಹಿಂಗಾಲಿನ ಕೀಲೇ ಎರಡರ ಕೆಲಸ ಮಾಡಬೇಕು. ಕಿಟಕಿ ಕಟ್ಟೆಗೆ ನಡುವೆ ಒಂದು ಸ್ಟೂಲ್ ಇಡಿ. ಬೀದಿಗೆ ಬಿಡಬೇಡಿ, ನಾಯಿ ಅಟ್ಟಿಸಿದಾಗ ಮರ ಹತ್ತುವ ವೇಗ ಮೊದಲಿನಷ್ಟಿರುವುದಿಲ್ಲ. ವಾರಗಳು ಕಳೆದ ಮೇಲೂ ಥಟ್ಟನೆ ಬೆಚ್ಚಿ ಗಾಯದ ಜಾಗ ಕಚ್ಚಲು ಹೋದರೆ ವೈದ್ಯರಿಗೆ ಹೇಳಿ, ನರದ ನೋವಿಗೆ ಬೇರೆ ಔಷಧಿಯಿದೆ.

ಒಂದು ಕೆಲಸ ಮಾತ್ರ ಶಾಶ್ವತವಾಗಿ ನಿಮ್ಮ ಪಾಲಿಗೆ ಬರುತ್ತದೆ. ಎಡಗಿವಿ ತುರಿಸಿದಾಗ ಗುಂಡ ತಲೆ ವಾಲಿಸಿ, ಕಣ್ಣು ಮುಚ್ಚಿ ಕಾಯುತ್ತಾನೆ. ರೋಮದೊಳಗೆ ಆ ಮೋಟು ತೊಡೆ ಪಟಪಟನೆ ಬಡಿಯುತ್ತದೆ, ಕಿವಿಗೆ ಏನೂ ತಾಗುವುದಿಲ್ಲ. ಆಗ ಹತ್ತಿರವಿದ್ದವರು ಬೆರಳಿಂದ ತುರಿಸುತ್ತೇವೆ, ತೊಡೆಯ ತಾಳಕ್ಕೆ ಸರಿಯಾಗಿ. ವಾರಕ್ಕೊಮ್ಮೆ ಆ ಕಿವಿಯೊಳಗೆ ಕೊಳೆ ಕಟ್ಟಿದೆಯೇ ಎಂದೂ ನೋಡಿ.

ಅದು ಮುಂದಿನ ಮಾತು. ಈಗ ಮೀನು ಬೆಚ್ಚಗೆ ಮಾಡಿಕೊಂಡು ಮಂಚದ ಪಕ್ಕದಲ್ಲಿ ಕುಳಿತುಕೊಳ್ಳಿ. ಎರಡು ಚಮಚವಾದರೂ ನೆಕ್ಕಿದನೇ, ಮೂತ್ರ ಮಾಡಿದನೇ ಎಂದು ಬರೆದು ತಿಳಿಸಿ, ಎಷ್ಟು ಹೊತ್ತಾದರೂ ನೋಡುತ್ತೇನೆ.