ಮದರ್‌ಬೋರ್ಡ್ ಬದಲಾಯಿಸಿದ ಮೇಲೆ ಡೆಬಿಯನ್ ಬೂಟ್ ಆಗದಿದ್ದರೆ

ಮದರ್‌ಬೋರ್ಡ್ ಬದಲಾಯಿಸಿದ ಮೇಲೆ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಬೂಟ್ ಆಗುತ್ತಿಲ್ಲ ಅಂತ ಕೇಳಿದ್ದೀರಿ. ದಯವಿಟ್ಟು ಫಾರ್ಮ್ಯಾಟ್ ಮಾತ್ರ ಮಾಡಬೇಡಿ. ಹೊಸ ಬೋರ್ಡಿಗೆ ಹಳೇ ಎಸ್‌ಎಸ್‌ಡಿ ಹಾಕಿದರೆ ನೇರವಾಗಿ ಬಯೋಸ್ (ಬೋರ್ಡಿನ ಸೆಟ್ಟಿಂಗ್ಸ್ ಪರದೆ) ತೆರೆಯುತ್ತದೆ, ಆದರೆ ಅಲ್ಲಿ ಡಿಸ್ಕಿನ ಹೆಸರು ಕಾಣುತ್ತದೆ ಅಂದಿದ್ದೀರಿ, ಅಲ್ವಾ? ಹಾಗಿದ್ದರೆ ನಿಮ್ಮ ಡೆಬಿಯನ್ ಬಹುಶಃ ಸುರಕ್ಷಿತವಾಗಿಯೇ ಇದೆ.

ಯುಇಎಫ್‌ಐ (ಹಳೇ ಬಯೋಸ್ ಜಾಗಕ್ಕೆ ಬಂದ ಹೊಸ ಬಗೆ) ಕಂಪ್ಯೂಟರಿನಲ್ಲಿ ಗ್ರಬ್, ಅಂದರೆ ಡೆಬಿಯನ್ ಶುರು ಮಾಡುವ ಪ್ರೋಗ್ರಾಂ, ಇರುವುದು ಡಿಸ್ಕಿನಲ್ಲಿ. ಆದರೆ ‘ಈ ಡಿಸ್ಕಿನ ಈ ಫೈಲಿನಿಂದ ಶುರು ಮಾಡು’ ಅನ್ನುವ ನಮೂದು ಮದರ್‌ಬೋರ್ಡಿನ ಮೆಮೊರಿಯಲ್ಲಿ ಇರುತ್ತದೆ. ಹಳೇ ಬೋರ್ಡಿನ ಜೊತೆ ಅದೂ ಹೋಯಿತು. ನಮೂದು ಇಲ್ಲದಾಗ ಹೊಸ ಬೋರ್ಡ್ ಡಿಸ್ಕಿನ ‘ಇಎಫ್‌ಐ’ ಫೋಲ್ಡರಿನ ಒಳಗಿನ ‘ಬೂಟ್’ ಫೋಲ್ಡರಿನಲ್ಲಿ ಹುಡುಕುತ್ತದೆ. ಡೆಬಿಯನ್ ತನ್ನ ಗ್ರಬ್ ಇಡುವುದು ‘ಡೆಬಿಯನ್’ ಫೋಲ್ಡರಿನಲ್ಲಿ. ನಾವಾಗಿ ಕೇಳದ ಹೊರತು ಸಾಮಾನ್ಯವಾಗಿ ‘ಬೂಟ್’ ಒಳಗೆ ಏನನ್ನೂ ಹಾಕುವುದಿಲ್ಲ.

ಇದನ್ನು ಸರಿಪಡಿಸಲು ಡೆಬಿಯನ್ ಇನ್‌ಸ್ಟಾಲರ್ ಇರುವ ಪೆನ್‌ಡ್ರೈವ್ ಸಾಕು. ಅದರಿಂದ ಬೂಟ್ ಮಾಡಿ, ಮೊದಲ ಪರದೆಯಲ್ಲಿ ‘ಯುಇಎಫ್‌ಐ’ ಅನ್ನುವ ಪದ ಇದೆಯೇ ನೋಡಿ. ಇಲ್ಲದಿದ್ದರೆ ಲೆಗಸಿಯಲ್ಲಿ (ಹಳೇ ಬಯೋಸ್ ವಿಧಾನದಲ್ಲಿ) ಬೂಟ್ ಆಗಿದೆ. ಬಯೋಸ್‌ನಲ್ಲಿ ಸಿಎಸ್‌ಎಂ (ಹಳೇ ವಿಧಾನದ ಬೂಟ್‌ಗೆ ಅವಕಾಶ ಕೊಡುವ ಆಯ್ಕೆ) ಆಫ್ ಮಾಡಿ ಮತ್ತೆ ಬನ್ನಿ. ಇದನ್ನು ನೋಡದೆ ಮುಂದೆ ಹೋದರೆ ಸುಮ್ನೆ ಹೊತ್ತು ಹಾಳು. ಆಮೇಲೆ ಅಡ್ವಾನ್ಸ್ಡ್ ಆಯ್ಕೆಗಳ ಒಳಗೆ ರೆಸ್ಕ್ಯೂ ಮೋಡ್ (ಕೆಟ್ಟದ್ದನ್ನು ಸರಿಪಡಿಸುವ ಮೆನು) ಆರಿಸಿ. ರೂಟ್ ಪಾರ್ಟಿಷನ್ (ಡಿಸ್ಕಿನಲ್ಲಿ ಡೆಬಿಯನ್ ಇರುವ ಭಾಗ) ಯಾವುದು ಅಂತ ಕೇಳುತ್ತದೆ, ಗಾತ್ರ ನೆನಪಿಸಿಕೊಂಡು ಹೇಳಿ. ಇಎಫ್‌ಐ ಪಾರ್ಟಿಷನ್ (ಬೂಟ್ ಫೈಲುಗಳಿರುವ ಭಾಗ) ಮೌಂಟ್ ಮಾಡಲೇ, ಅಂದರೆ ಜೋಡಿಸಲೇ, ಅಂದರೆ ಹೌದು ಅನ್ನಿ. ಕೊನೆಗೆ ಗ್ರಬ್ ಮರುಸ್ಥಾಪನೆ ಆರಿಸಿ. ಅದೇ ಮೆನುವಿನಲ್ಲಿ ರಿಮೂವಬಲ್ ಮೀಡಿಯಾ ಜಾಗಕ್ಕೂ (ಮೇಲೆ ಹೇಳಿದ ‘ಬೂಟ್’ ಫೋಲ್ಡರಿಗೂ) ಗ್ರಬ್ ಹಾಕುವ ಆಯ್ಕೆ ಇದೆ, ಅದನ್ನೂ ಮಾಡಿ. ಮುಂದೆ ಮತ್ತೆ ಬೋರ್ಡ್ ಬದಲಾದರೂ ಈ ತಲೆನೋವು ಇರುವುದಿಲ್ಲ.

ಪೆನ್‌ಡ್ರೈವಿನಿಂದ ಬೂಟ್ ಮಾಡಿದಾಗ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ ಡಿಸ್ಕನ್ನು ನಿಭಾಯಿಸುವ ರೇಡ್ ಅಥವಾ ವಿಎಂಡಿ ಮೋಡ್ ಆನ್ ಇರಬಹುದು. ಅದನ್ನು ಸಾಮಾನ್ಯ ಮೋಡ್ ಆದ ಎಎಚ್‌ಸಿಐಗೆ ಬದಲಿಸಿ. ಅದೇ ಡಿಸ್ಕಿನಲ್ಲಿ ವಿಂಡೋಸ್ ಕೂಡ ಇದ್ದರೆ ಇದನ್ನು ಮುಟ್ಟುವ ಮೊದಲು ಇಲ್ಲಿ ತಿಳಿಸಿ.

ಬೂಟ್ ಆದ ಮೇಲೆ ಇಂಟರ್ನೆಟ್ ಬರದಿದ್ದರೆ ಗಾಬರಿ ಬೇಡ. ಲ್ಯಾನ್ ಕಾರ್ಡಿನ ಹೆಸರು ಅದು ಕೂತಿರುವ ಸ್ಲಾಟಿನ ಮೇಲೆ ನಿಂತಿದೆ, ಇಎನ್‌ಪಿ3ಎಸ್0 ಇದ್ದದ್ದು ಇಎನ್‌ಪಿ5ಎಸ್0 ಆಗಿರಬಹುದು. ನೆಟ್‌ವರ್ಕ್ ಸೆಟ್ಟಿಂಗ್ ಇರುವ ಇಂಟರ್‌ಫೇಸಸ್ ಫೈಲಿನಲ್ಲಿ ಹಳೇ ಹೆಸರು ಬರೆದಿದ್ದರೆ ತಿದ್ದಿ. ಸೆಕ್ಯೂರ್ ಬೂಟ್ (ನಂಬಿಕಸ್ಥ ಸಹಿ ಇರುವುದನ್ನು ಮಾತ್ರ ಓಡಲು ಬಿಡುವ ಆಯ್ಕೆ) ಇಟ್ಟುಕೊಂಡು ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರಿಗೆ ನೀವೇ ಸಹಿ ಹಾಕಿದ್ದಿರಾ? ಆ ಸಹಿಯ ಕೀಯ ನೋಂದಣಿ ಕೂಡ ಹಳೇ ಬೋರ್ಡಿನಲ್ಲೇ ಉಳಿಯಿತು, ಮತ್ತೊಮ್ಮೆ ಎನ್‌ರೋಲ್ (ನೋಂದಣಿ) ಮಾಡಬೇಕು.

ರೆಸ್ಕ್ಯೂ ಮೋಡ್‌ನಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಪರದೆಯ ಫೋಟೋ ಹಾಕಿ, ನೋಡೋಣ.